‘ಸಿ-86’ ಧ್ವನಿಸುರುಳಿ: ಒಂದು ಶಿಫಾರಸಿನ ಪರಾಮರ್ಶೆ

1986ನೆಯ ಇಸವಿಯಲ್ಲಿ ಲಂಡನ್ನಿನ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಎಂಬ ಸಂಗೀತ ವಾರಪತ್ರಿಕೆಯು ತನ್ನ ಓದುಗರಿಗೆ ಅಂಚೆಯ ಮೂಲಕ ಒಂದು ಧ್ವನಿಸುರುಳಿಯನ್ನು ಒದಗಿಸಿತು. ಇಪ್ಪತ್ತೆರಡು ತಂಡಗಳು, ತಂಡಕ್ಕೊಂದರಂತೆ ಇಪ್ಪತ್ತೆರಡು ಹಾಡುಗಳು, ಹೆಸರು ‘ಸಿ-86’. ಕೇಳಲರ್ಹವಾದ ಹೊಸ ತಂಡಗಳು ಇವು ಎಂದು ಸಾರುವುದಷ್ಟೇ ಅದರ ಉದ್ದೇಶವಾಗಿತ್ತು. ಕಾಲಕ್ರಮದಲ್ಲಿ ಆ ಹೆಸರೇ ಒಂದು ಬಗೆಯ ಸಂಗೀತಕ್ಕೆ ರೂಢನಾಮವಾಯಿತು. ಮಣಿಗುಟ್ಟುವಂತಹ ಗಿಟಾರು, ಅಳುಕಿನ ಕಂಠ, ಮುಗ್ಧ ಪ್ರೇಮ, ಲೋಕವ್ಯವಹಾರದಿಂದ ಹಿಂಜರಿದ ಬಾಲಭಾವ ಇವು ಕೂಡಿದರೆ ‘ಸಿ-86’ ಎಂದು ಗ್ರಂಥಗಳೂ ಪತ್ರಿಕೆಗಳೂ ಬರೆದುವು. ನಾವೂ ಹಲವು ವರ್ಷ ಹಾಗೆಯೇ ಬೋಧಿಸಿದೆವು.

ಆಧುನಿಕ ಬ್ರಿಟನ್ನಿನ ಪಾಠದಲ್ಲಿ ಥ್ಯಾಚರ್ ಆಡಳಿತ ಕಾಲದ ತರುಣರ ಪ್ರಸ್ತಾಪ ಬಂದಾಗಲೆಲ್ಲ ಈ ಸುರುಳಿಯನ್ನು ಹೆಸರಿಸಿ, ‘ಕೇಳಿ ನೋಡಿರಿ’ ಎಂದು ಶಿಫಾರಸು ಮಾಡುವುದು ನಮ್ಮ ವಾಡಿಕೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಅದನ್ನು ಆದ್ಯಂತವಾಗಿ ಕೇಳಿ ಬಂದು, “ಸರ್, ತಾವು ಹೇಳಿದ್ದು ಮೊದಲ ಆರು ಹಾಡುಗಳಿಗೆ ಹೆಚ್ಚುಕಡಿಮೆ ಸರಿ. ಏಳನೆಯದನ್ನು ತಾವು ಕೇಳಿದ್ದೀರಾ?” ಎಂದಳು. ನಾವು ಕೇಳಿರಲಿಲ್ಲ. ಆಕರವನ್ನು ನೋಡದೆ ಬರೆಯಬಾರದೆಂದು ಪ್ರತಿ ವರ್ಷ ಉಪದೇಶಿಸುವವರಿಗೆ ಇದಕ್ಕಿಂತ ನಾಚಿಕೆಯ ಪ್ರಸಂಗ ಬೇರೊಂದಿಲ್ಲ. ಈ ಲೇಖನ ಆ ಪ್ರಶ್ನೆಯ ಫಲ.

ಮೊದಲು ಶಬ್ದಾರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ‘ಇಂಡಿ’ ಎಂಬುದು ಸ್ವತಂತ್ರ ಎಂಬರ್ಥದ ಇಂಗ್ಲಿಷ್ ಪದದ ಹ್ರಸ್ವರೂಪ. ಆರಂಭದಲ್ಲಿ ಅದು ನಾದದ ಲಕ್ಷಣವನ್ನಲ್ಲ, ವಾಣಿಜ್ಯದ ಲಕ್ಷಣವನ್ನು ಸೂಚಿಸುತ್ತಿತ್ತು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡದವರು ಸಾಲ ತಂದ ಹಣದಿಂದ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಕಿರುತಟ್ಟೆಯನ್ನು ಮೊದಲು 1000 ಪ್ರತಿ ಅಚ್ಚುಹಾಕಿಸಿ, ದೊಡ್ಡ ಕಂಪನಿಗಳ ನೆರವಿಲ್ಲದೆಯೂ ಈ ಕಾರ್ಯ ಸಾಧ್ಯವೆಂದು ತೋರಿಸಿಕೊಟ್ಟರು. 1980ರ ಜನವರಿಯಲ್ಲಿ ಪ್ರಕಟವಾಗತೊಡಗಿದ ಇಂಡಿ ಮಾರಾಟಪಟ್ಟಿಯ ನಿಯಮವೂ ಅದೇ: ತಟ್ಟೆಯು ಸ್ವತಂತ್ರ ವಿತರಣೆಯ ಮೂಲಕ ಬಂದಿರಬೇಕು, ಒಳಗಿನ ಸಂಗೀತ ಯಾವ ಬಗೆಯದಾದರೂ ಆಗಬಹುದು. ಅರ್ಥವು ವಿತರಣೆಯಿಂದ ನಾದಕ್ಕೆ ಜಾರಿದ ದಾರಿಯಲ್ಲಿ ನಮ್ಮ ಸುರುಳಿ ಒಂದು ಮುಖ್ಯ ಮೈಲಿಗಲ್ಲು.

ಈಗ ಸುರುಳಿಯನ್ನೇ ಪರೀಕ್ಷಿಸೋಣ. ಮೊದಲ ಹಾಡು ಪ್ರೈಮಲ್ ಸ್ಕ್ರೀಮ್ ತಂಡದ ‘ವೆಲಾಸಿಟಿ ಗರ್ಲ್’. ಒಂದೂವರೆ ನಿಮಿಷವೂ ತುಂಬದ ಈ ಹಾಡು ಮಿಂಚಿ ಮರೆಯಾಗುತ್ತದೆ; ರೂಢಿಯ ಕಲ್ಪನೆಗೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯದು. ಅಲ್ಲಿಂದ ಆರನೆಯದಾದ ಮೈಟಿ ಮೈಟಿ ತಂಡದ ಹಾಡಿನವರೆಗೆ ರಾಗಮಾಧುರ್ಯಕ್ಕೇ ಪ್ರಾಧಾನ್ಯ. ಏಳನೆಯದು ಸ್ಟಂಪ್ ತಂಡದ ‘ಬಫಲೋ’. ಇಲ್ಲಿ ಗಿಟಾರು ಕುಡಿದವನಂತೆ ತೂರಾಡುತ್ತದೆ, ತಾಳ ಕಾಲೆಳೆಯುತ್ತದೆ, ಗಾಯಕ ಹಾಡುವುದಕ್ಕಿಂತ ಅಣಕಿಸುವುದೇ ಹೆಚ್ಚು. ಅದರ ಬೆನ್ನಿಗೆ ಬಾಗ್‌ಶೆಡ್, ಬಾಗ್‌ಶೆಡ್ಡಿನ ಬೆನ್ನಿಗೆ ಎ ವಿಟ್ನೆಸ್. ಒಂದಕ್ಕಿಂತ ಒಂದು ಮುಳ್ಳುಮುಳ್ಳು. ಎರಡನೆಯ ಮುಖದಲ್ಲಿ ಮೆಕೆಂಜೀಸ್, ಬಿಗ್ ಫ್ಲೇಮ್, ಶ್ರಬ್ಸ್ ತಂಡಗಳು ಇದೇ ಕರ್ಕಶ ಮಾರ್ಗದವು. ಇವುಗಳಲ್ಲಿ ಐದು ತಂಡಗಳು ರಾನ್ ಜಾನ್ಸನ್ ಎಂಬ ಒಂದೇ ಸಣ್ಣ ಪ್ರಕಾಶನಕ್ಕೆ ಸೇರಿದವು ಎಂಬುದು ಗಮನಾರ್ಹ. ಮಾಧುರ್ಯವಿರುವೆಡೆಯಲ್ಲಿಯೂ ಬಾಲಭಾವವೇ ಇರಬೇಕೆಂದಿಲ್ಲ. ಮೆಕಾರ್ಥಿ ತಂಡದ ನಾದ ಜೇನಿನಂತಿದ್ದರೂ ಅದರ ಸಾಹಿತ್ಯ ನಿಷ್ಠುರವಾದ ಎಡಪಂಥೀಯ ವಿಡಂಬನೆ. ಹಾಫ್ ಮ್ಯಾನ್ ಹಾಫ್ ಬಿಸ್ಕಿಟ್ ತಂಡದ್ದು ದೂರದರ್ಶನ ನೋಡುತ್ತ ಮನೆಯಲ್ಲಿ ಕುಳಿತ ನಿರುದ್ಯೋಗಿಯ ಹಾಸ್ಯ. ಇವನ್ನೆಲ್ಲ ‘ಲೋಕದಿಂದ ಹಿಂಜರಿದವರು’ ಎಂಬ ಒಂದೇ ಚೀಲಕ್ಕೆ ತುಂಬುವುದು ಹೇಗೆ?

ರೂಢಿಯ ಅಭಿಪ್ರಾಯ ಹೇಗೆ ಹುಟ್ಟಿತೆಂಬುದಕ್ಕೆ ಸುರುಳಿಯ ಕ್ರಮವೇ ಒಂದು ಕಾರಣವಿರಬೇಕೆಂದು ನಮಗೆ ತೋರುತ್ತದೆ. ಮೊದಲ ಮುಖದ ಮೊದಲ ಕಾಲುಗಂಟೆಯನ್ನು ಮಾತ್ರ ಕೇಳಿದವರಿಗೆ ಅನ್ಯಥಾ ಅನ್ನಿಸಲು ಎಡೆಯೇ ಇಲ್ಲ. ತರುವಾಯ ಮಾತು ಕರ್ಣಾಕರ್ಣಿಯಾಗಿ ಹಬ್ಬಿತು. ಎಷ್ಟರಮಟ್ಟಿಗೆಂದರೆ, ‘ಸಿ-86’ ಮಾದರಿಗೆ ಎಲ್ಲರೂ ಉದಾಹರಿಸುವ ಆಕ್ಸ್‌ಫರ್ಡಿನ ಟಲೂಲಾ ಗಾಷ್ ತಂಡವು ಆ ಸುರುಳಿಯಲ್ಲಿಯೇ ಇಲ್ಲ! ಇರುವ ಬಾಗ್‌ಶೆಡ್ ಮಾದರಿಗೆ ಹೊರಗಾಗಿ, ಇಲ್ಲದ ಟಲೂಲಾ ಗಾಷ್ ಒಳಗಾದುದು ವಿಚಿತ್ರವಾದರೂ ಸತ್ಯ. 2006ರಲ್ಲಿ ಬಾಬ್ ಸ್ಟ್ಯಾನ್ಲಿ ಅವರು ಸಂಪಾದಿಸಿದ 48 ಹಾಡುಗಳ ‘ಸಿಡಿ-86’ ಇಂಡಿ ಪಾಪಿನ ಜನ್ಮವೃತ್ತಾಂತವೆಂದೇ ತನ್ನನ್ನು ಕರೆದುಕೊಂಡಿತು. 2014ರಲ್ಲಿ ಮೂಲ ಸುರುಳಿ ಇನ್ನೂ 50 ಹಾಡುಗಳೊಡನೆ ಪುನಃ ಪ್ರಕಟವಾಯಿತು. ಮೂಲವನ್ನು ಓರಣವಾಗಿ ಕೇಳಲು ಈಗ ಯಾರಿಗೂ ಅಡ್ಡಿಯಿಲ್ಲ. ಆದರೂ ಹಳೆಯ ಮಾತು ಹೋಗಿಲ್ಲ.

ಮೃದುಮಾರ್ಗವನ್ನು ಹೀಗಳೆಯುವುದು ನಮ್ಮ ಅಭಿಪ್ರಾಯವಲ್ಲ. 1987ರಲ್ಲಿ ಬ್ರಿಸ್ಟಲ್ ನಗರದಲ್ಲಿ ಕ್ಲೇರ್ ವಾಡ್ ಮತ್ತು ಮ್ಯಾಟ್ ಹೇನ್ಸ್ ಆರಂಭಿಸಿದ ಸಾರಾ ರೆಕಾರ್ಡ್ಸ್ ಆ ಮಾರ್ಗದಲ್ಲಿಯೇ ನಡೆದು, ನೂರನೆಯ ಪ್ರಕಟಣೆಯೊಡನೆ 1995ರಲ್ಲಿ ತಾನಾಗಿಯೇ ಬಾಗಿಲು ಹಾಕಿತು. ಅದರ ಸಾಧನೆ ಬೇರೊಂದು ಲೇಖನಕ್ಕೆ ಯೋಗ್ಯ. ಸುರುಳಿಯೂ ನಿರ್ದುಷ್ಟವಲ್ಲ. ಅದೇ ಪತ್ರಿಕೆಯ ಕಚೇರಿಯಲ್ಲಿ ಹಿಪ್‌ಹಾಪ್ ಸಂಗೀತವೇ ಕಾಲದ ನಿಜವಾದ ಹೊಸತೆಂದು ವಾದಿಸುವವರಿದ್ದರು. ಇಪ್ಪತ್ತೆರಡರಲ್ಲಿ ಅಂತಹದು ಒಂದೂ ಸೇರಲಿಲ್ಲ. ಹೊಸತನ್ನು ಆರಿಸುವ ಕೈ ಗಿಟಾರಿನಾಚೆಗೆ ಚಾಚಲಿಲ್ಲವೆಂಬ ಆಕ್ಷೇಪಣೆಗೆ ಸಮರ್ಪಕವಾದ ಉತ್ತರ ನಮಗೆ ಕಾಣದು.

ಇದಕ್ಕೆ ಹೋಲಿಸಿದರೆ ರೇಡಿಯೋ ಪ್ರಸಾರಕ ಜಾನ್ ಪೀಲ್ ಅವರ ವಿಧಾನ ವಿಚಾರಯೋಗ್ಯ. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ಬಿ.ಬಿ.ಸಿ.ಯ ರೇಡಿಯೋ ಒಂದರಲ್ಲಿ ಅವರು ಅಪರಿಚಿತ ತಂಡಗಳನ್ನು ಕೇಳಿಸಿದರು. ಕರೆಸಿದ ತಂಡ ಸಾಮಾನ್ಯವಾಗಿ ಒಂದೇ ದಿನದಲ್ಲಿ ನಾಲ್ಕು ಹಾಡುಗಳನ್ನು ಮುದ್ರಿಸಿಕೊಡುತ್ತಿತ್ತು. ಹಾಗಾಗಿ ಕೇಳುಗನಿಗೆ ಒಂದು ಹಾಡಿನ ಅದೃಷ್ಟವಲ್ಲ, ತಂಡದ ಸ್ವಭಾವ ತಿಳಿಯುತ್ತಿತ್ತು. ಬಾಗ್‌ಶೆಡ್ಡೂ ವೆಡಿಂಗ್ ಪ್ರೆಸೆಂಟೂ ಅಲ್ಲಿ ಅಕ್ಕಪಕ್ಕದ ಮನೆಯವರು. ಇವು ಒಂದೇ ಜಾತಿಯವೆಂದು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. 1986ರ ಜುಲೈನಲ್ಲಿ ಇದೇ ವಾರಪತ್ರಿಕೆ ಲಂಡನ್ನಿನ ಸಮಕಾಲೀನ ಕಲಾಸಂಸ್ಥೆಯಲ್ಲಿ ವಾರವಿಡೀ ಏರ್ಪಡಿಸಿದ ಕಾರ್ಯಕ್ರಮಗಳಿಗೂ ಸ್ವಲ್ಪಮಟ್ಟಿಗೆ ಈ ಗುಣವಿದ್ದಿರಬೇಕು. ಸಭಾಂಗಣದಲ್ಲಿ ಕುಳಿತವನು ಏಳನೆಯ ಹಾಡನ್ನು ದಾಟಿಸಿ ಮುಂದೆ ಹೋಗಲಾರನಷ್ಟೆ!

ಇಂದಿನ ಸ್ಥಿತಿ ಬೇರೆ. 2015ರಿಂದ ಸ್ಪಾಟಿಫೈ ಪ್ರತಿ ಸೋಮವಾರ ಪ್ರತಿಯೊಬ್ಬ ಕೇಳುಗನಿಗೂ ಪ್ರತ್ಯೇಕ ಹಾಡುಪಟ್ಟಿಯನ್ನು ಕಳುಹಿಸುತ್ತ ಬಂದಿದೆ. ಇತರರ ಅಭಿರುಚಿಯೊಡನೆ ನಮ್ಮ ಅಭಿರುಚಿಯನ್ನು ಗಣಕಯಂತ್ರ ಹೋಲಿಸಿ ಅದನ್ನು ಸಿದ್ಧಪಡಿಸುತ್ತದೆ. ಉಪಯುಕ್ತವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ನಾವೂ ಅದರಿಂದ ಒಳ್ಳೆಯ ಹಾಡುಗಳನ್ನು ಪಡೆದಿದ್ದೇವೆ. ಆದರೆ ಅದು ನಮಗೆ ಒಪ್ಪಿಗೆಯಾಗುವುದನ್ನೇ ಊಹಿಸಲು ಹವಣಿಸುವ ಶಿಫಾರಸು. ಸುರುಳಿಯ ಸಂಪಾದಕರು ತಪ್ಪಿದರೆ ಅವರ ಹೆಸರು ಹಿಡಿದು ವಾದಿಸಬಹುದು. ಈ ಪಟ್ಟಿಯೊಡನೆ ವಾದಿಸುವುದು ಹೇಗೆ? ಮುಂದಿನ ಇತಿಹಾಸಕಾರನಿಗೆ ಅದು ಆಕರವಾಗಿ ಉಳಿಯುವುದೂ ಸಂದೇಹ, ಏಕೆಂದರೆ ಒಬ್ಬನ ಪಟ್ಟಿ ಇನ್ನೊಬ್ಬನದಾಗಿರುವುದಿಲ್ಲ, ಮುಂದಿನ ಸೋಮವಾರ ಹೊಸ ಪಟ್ಟಿ ಹಳೆಯದರ ಸ್ಥಾನಕ್ಕೆ ಬಂದಿರುತ್ತದೆ.

ಪ್ರಕೃತ ನಮ್ಮ ಪಾಠದ ಟಿಪ್ಪಣಿಯನ್ನು ತಿದ್ದಿದ್ದೇವೆ. ಆ ವಿದ್ಯಾರ್ಥಿನಿಗೆ ಬಾಗ್‌ಶೆಡ್ ಬಹಳ ಹಿಡಿಸಿದೆ. ನಮಗೆ ಮೂರನೆಯ ಸಲ ಕೇಳಿದರೂ ಹಿಡಿಸಿಲ್ಲ. ಬಿಗ್ ಫ್ಲೇಮ್ ಮಾತ್ರ ನಿಧಾನವಾಗಿ ಒಲಿಯುತ್ತಿದೆ.