ಒಳಗಿನಿಂದ ಹಾಕಿದ ಚಿಲಕ

ಜರ್ಮನ್ ಭಾಷೆಯ ಪತ್ತೇದಾರಿ ಸರಣಿ ‘ಲೀಬೆಸ್ ಕಿಂಡ್’ 2023ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಆರೇ ಕಂತು. ಅದರಲ್ಲೊಂದು ದೃಶ್ಯವಿದೆ: ಬಾಗಿಲ ಬೀಗ ತೆರೆದ ಸದ್ದಾದ ಕೂಡಲೇ ತಾಯಿ, ಮಕ್ಕಳು ಸಾಲಾಗಿ ನಿಂತು, ಒಳಬರುವ ಗಂಡಸಿಗೆ ಕೈ ಚಾಚಿ ತೋರಿಸುತ್ತಾರೆ. ಆ ಮನೆ ಎಂಥದ್ದೆಂದು ತಿಳಿಯಲು ಇನ್ನೊಂದು ಮಾತು ಬೇಡ. ಒಳ್ಳೆಯ ಪತ್ತೇದಾರಿ ಕಥೆಯ ಸುಳಿವು ಹೀಗೆ ದಿನನಿತ್ಯದ ರೂಢಿಯಲ್ಲಿ ಅಡಗಿರುತ್ತದೆ. ರೂಢಿ ಎಂದ ಮೇಲೆ ಅದಕ್ಕೊಂದು ಊರು ಬೇಕು. ಜರ್ಮನರಿಗೆ ಇದು ಹಳೆಯ ಪಾಠ. 1970ರಿಂದ ನಡೆದುಬಂದಿರುವ ಅವರ ‘ಟಾಟೋರ್ಟ್’ ಧಾರಾವಾಹಿಗೆ (ಕೃತ್ಯ ನಡೆದ ಜಾಗ ಎಂದೇ ಆ ಹೆಸರಿನ ಅರ್ಥ) ಒಂದೊಂದು ಪ್ರದೇಶದ ವಾಹಿನಿಯೂ ತನ್ನ ನಗರದ ಕಥೆಯನ್ನು, ತನ್ನದೇ ಪತ್ತೇದಾರರನ್ನು ಕೊಡುತ್ತದೆ.

ಹಾಗಾದರೆ ಬಂಟ್ವಾಳದ ಕಥೆಯನ್ನು ಯಾರು ಹೇಳಬೇಕು? 2009ರ ಜೂನ್‌ನಲ್ಲಿ ಈ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಳು. ಅವಳ ಫೋನಿನ ಕರೆಗಳ ಬೆನ್ನು ಹತ್ತಿದ ಪೊಲೀಸರಿಗೆ ಕಾಣೆಯಾದ ಇನ್ನೊಬ್ಬಳ ನಂಬರು ಸಿಕ್ಕಿತು. ಅಕ್ಟೋಬರಿನಲ್ಲಿ ಸೆರೆಯಾದವನು ಕನ್ಯಾನದ ಮೋಹನ್ ಕುಮಾರ್, ಶಾಲೆಯಲ್ಲಿ ಮಾಸ್ಟ್ರಾಗಿದ್ದವನು. ವರದಕ್ಷಿಣೆಗೆ ಗತಿಯಿಲ್ಲದ ಮನೆಗಳ ಹೆಣ್ಣುಮಕ್ಕಳನ್ನು ಮದುವೆಯ ಮಾತಿನಿಂದ ನಂಬಿಸಿ ದೂರದೂರಿನ ಲಾಡ್ಜಿಗೆ ಒಯ್ಯುತ್ತಿದ್ದ. ಬೆಳಿಗ್ಗೆ ಹೊರಡುವಾಗ ಅವರ ಚಿನ್ನ ರೂಮಿನಲ್ಲೇ ಉಳಿಯುತ್ತಿತ್ತು. ಬಸ್ ನಿಲ್ದಾಣದಲ್ಲಿ ಗರ್ಭ ನಿಲ್ಲದ ಮಾತ್ರೆಯೆಂದು ಸೈನೈಡ್ ಕೊಟ್ಟು, ಶೌಚಾಲಯಕ್ಕೆ ಹೋಗಿ ನುಂಗಲು ಹೇಳುತ್ತಿದ್ದ. ಹೀಗೆ 20 ಕೊಲೆ. ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ. ಮೈಮೇಲೆ ಒಳ್ಳೆಯ ಸೀರೆ, ಒಡವೆಯಿಲ್ಲ. ಠಾಣೆಗಳು ಅಸಹಜ ಸಾವೆಂದು ಬರೆದುಕೊಂಡವು. ಮುಚ್ಚಿದ ಕೋಣೆಯೊಳಗಿನ ಸಾವು ಪತ್ತೇದಾರಿ ಸಾಹಿತ್ಯದ ಹಳೇ ಒಗಟು. ಇಲ್ಲಿ ಆ ಚಿಲಕ ಹಾಕಿಸಿದ್ದು ನಾಚಿಕೆ, ಮನೆಯವರ ಬಾಯಿ ಕಟ್ಟಿದ್ದು ಮರ್ಯಾದೆಯ ಭಯ. ಒಗಟಿನ ಉತ್ತರ ಈ ಸೀಮೆಯ ಬದುಕಿನಲ್ಲೇ ಇದೆ.

ಈ ಪ್ರಕರಣದ ನೆರಳು ಢಾಳಾಗಿ ಕಾಣುವ ಹಿಂದಿ ಸರಣಿ ‘ದಹಾಡ್’ 2023ರಲ್ಲಿ ಬರ್ಲಿನ್ ಚಿತ್ರೋತ್ಸವದ ಸರಣಿ ಸ್ಪರ್ಧೆಗೆ ಹೋಯಿತು. ಕಥೆ ನಡೆಯುವುದು ರಾಜಸ್ಥಾನದಲ್ಲಿ. ಅಲ್ಲಿನ ಜಾತಿಯ ಉಸಿರುಗಟ್ಟಿಸುವ ಬಿಗಿಯನ್ನು ಅದು ಪ್ರಾಮಾಣಿಕವಾಗಿ ಹಿಡಿದಿದೆ. ಅದನ್ನು ನಾನು ಮೆಚ್ಚುತ್ತೇನೆ. ಆದರೆ ಬೀಡಿ ಕಟ್ಟಿದ ದುಡ್ಡಿನಲ್ಲಿ ಒಂದೊಂದೇ ಗ್ರಾಮ್ ಚಿನ್ನ ಕೂಡಿಸುವ ಬಂಟ್ವಾಳ, ಬೆಳ್ತಂಗಡಿಯ ಮನೆಗಳು ಅಲ್ಲಿಲ್ಲ.

ಸತ್ತವರ ಮನೆಯವರ ಗಾಯ ಕೆದಕಬಾರದು ಎಂಬ ಆಕ್ಷೇಪ ತೂಕದ್ದು. ಹೆಸರು, ಊರು ಬದಲಿಸುವುದಷ್ಟೇ ಸಾಲದು, ಕೊಂದವನನ್ನು ನಾಯಕನಾಗಿಸುವುದನ್ನೂ ಬಿಡಬೇಕು. ‘ಲೀಬೆಸ್ ಕಿಂಡ್’ ಕಣ್ಣಿಟ್ಟಿದ್ದು ಬದುಕಿ ಉಳಿದವರ ಮೇಲೆ. ಕನ್ನಡ ಸರಣಿಗೆ ವೇದಿಕೆ ಎಲ್ಲಿ ಎನ್ನುವವರ ಮಾತೂ ಸುಳ್ಳಲ್ಲ. ಕರಾವಳಿಯ ಕಥೆಗಳ ‘ಏಕಂ’ 2024ರಲ್ಲಿ ತನ್ನದೇ ಜಾಲತಾಣ ಕಟ್ಟಿಕೊಂಡು ಬಿಡುಗಡೆಯಾಗಬೇಕಾಯಿತು. ಆದರೂ ಆಯಿತಲ್ಲ! ಇನ್ನು, ಕರಾವಳಿಯ ನಿಗೂಢಕ್ಕೆ ಭೂತ, ದೈವ ಇಲ್ಲದಿದ್ದರೆ ಕಳೆಯಿಲ್ಲ ಎಂಬ ನಂಬಿಕೆಯನ್ನು ನಾನು ಒಪ್ಪೆ. 2013ರಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಬಿಂಬಗಳು ಕಳುವಾದಾಗ ಬೇಕಾದದ್ದು ಪೊಲೀಸ್ ತನಿಖೆಯೇ. ನಮ್ಮ ಸರಣಿ ಠಾಣೆಯ ಮೇಜಿನಿಂದಲೇ ಶುರುವಾಗಲಿ: ಮಗಳು ಬರಲಿಲ್ಲವೆಂದು ತಾಯಿ ತುಳುವಿನಲ್ಲಿ ಹೇಳುತ್ತಾಳೆ, ರೈಟರ್ ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ, ಅವಳು ಹೇಳಿದ್ದರಲ್ಲಿ ಒಂದು ಮಾತು ಕಾಗದಕ್ಕೆ ಇಳಿಯುವುದಿಲ್ಲ.