ತಾಳಮದ್ದಲೆಯೂ ಮಳೆಗಾಲವೂ

ತಾಳಮದ್ದಲೆಯನ್ನು ವೇಷವಿಲ್ಲದ ಯಕ್ಷಗಾನವೆನ್ನುವುದು ವಾಡಿಕೆ. ಇಲ್ಲದುದನ್ನು ಹೇಳುವ ಈ ಲಕ್ಷಣವು ಇರುವುದನ್ನು ಮರೆಯಿಸುತ್ತದೆ. ದಕ್ಷಿಣ ಕನ್ನಡ, ಕಾಸರಗೋಡುಗಳ ಮೇಳಗಳು ಸಾಮಾನ್ಯವಾಗಿ ವೃಷಭಮಾಸದ ೧೦ನೆಯ ದಿನವಾದ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತವೆ. ಬಳಿಕ ಬಯಲು ಮಳೆಯ ಪಾಲು. ಚಾವಡಿಯಲ್ಲಿ ಉಳಿಯತಕ್ಕವರು ಭಾಗವತರು, ಹಿಮ್ಮೇಳದವರು, ಎದುರುಬದುರು ಕುಳಿತ ಅರ್ಥಧಾರಿಗಳು. ಬಣ್ಣ, ಕಿರೀಟ, ಕುಣಿತಗಳ ಭಾರವನ್ನೆಲ್ಲ ಮಾತೇ ಹೊರಬೇಕು. ಪದ್ಯವು ಕವಿಯದು, ಅರ್ಥವಾದರೋ ಆಶುವಾಗಿ ಹುಟ್ಟತಕ್ಕುದು. ಶೇಣಿ ಗೋಪಾಲಕೃಷ್ಣ ಭಟ್ಟರ (೧೯೧೮–೨೦೦೬) ವಾಲಿಯು ಬಾಣ ತಗುಲಿ ಬಿದ್ದ ಮೇಲೆಯೂ ರಾಮನನ್ನು ಪ್ರಶ್ನಿಸುವ ಘನತೆಯನ್ನು ಪಡೆದುದು ಈ ಮಾತಿನಿಂದಲೇ. ಆದುದರಿಂದ ಮಳೆಗಾಲವು ಈ ಕಲೆಯ ಅಂಗವನ್ನು ಕುಂದಿಸಲಿಲ್ಲ, ವಾಕ್ಕನ್ನು ಬಲಿಸಿತು. ಈಗ ಸಭಾಭವನಗಳಲ್ಲಿ ವರ್ಷವಿಡೀ ಕೂಟಗಳು ನಡೆಯುತ್ತವೆ. ಮಳೆಯ ನಿರ್ಬಂಧವು ತಪ್ಪಿದರೂ ಮಾತಿನಿಂದಲೇ ಪಾತ್ರವನ್ನು ಕಟ್ಟುವ ಹೊಣೆಯು ತಪ್ಪದು. ಗೆಲ್ಲುವ ಆತುರದಲ್ಲಿ ಅರ್ಥವು ಪದ್ಯವನ್ನು ತೊರೆದರೆ ಕೂಟವು ಬರಿಯ ವಾಗ್ವಾದವಾದೀತು.