ಮರ್ಲ್ ಒಬೆರಾನ್ : ಮುಖ ಮತ್ತು ಬೆಳಕು

ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ ಕಾದಂಬರಿಯನ್ನು ಓದಿದವರಿಗೆ ಹೀತ್‌ಕ್ಲಿಫನ ಮೈಬಣ್ಣ ಒಂದು ಸಮಸ್ಯೆಯಾಗಿ ನೆನಪಿನಲ್ಲಿ ಉಳಿದಿರುತ್ತದೆ. ಲಿವರ್‌ಪೂಲಿನ ಬೀದಿಯಲ್ಲಿ ಸಿಕ್ಕ ಈ ಅನಾಥ ಬಾಲಕ ಕಪ್ಪು ಮೈಯವನು. ನೆರೆಮನೆಯ ಹಿರಿಯ ಲಿಂಟನ್ ಅವನನ್ನು ಕಂಡು ಲಸ್ಕರನೋ, ಅಮೆರಿಕದವನೋ, ಸ್ಪೇನಿನವನೋ ಎಂದು ಅನುಮಾನಿಸುತ್ತಾನೆ. ಮನೆಯ ಸೇವಕಿ ನೆಲ್ಲಿ ಅವನನ್ನು ಸಂತೈಸುವಾಗ, ಅವನ ತಾಯಿ ಹಿಂದೂದೇಶದ ರಾಣಿಯೇ ಆಗಿದ್ದಿರಬಹುದೆಂದು ಕಲ್ಪಿಸುತ್ತಾಳೆ. 1847ರಲ್ಲಿ ಹೊರಬಂದ ಆ ಕೃತಿಯ ಸಂಘರ್ಷದ ಬೇರುಗಳಲ್ಲಿ ಒಂದು ಈ ಅಜ್ಞಾತ ಕುಲದಲ್ಲಿದೆ. 1939ರಲ್ಲಿ ವಿಲಿಯಂ ವೈಲರ್ ಅದನ್ನು ಹಾಲಿವುಡ್ಡಿನಲ್ಲಿ ಚಿತ್ರವಾಗಿಸಿದಾಗ ಆ ಕುಲಹೀನನ ಪಾತ್ರವನ್ನು ಧರಿಸಿದವನು ಇಂಗ್ಲಿಷ್ ಪಾದ್ರಿಯ ಮಗನಾದ ಲಾರೆನ್ಸ್ ಒಲಿವಿಯೆ. ಯಾರ್ಕ್‌ಷೈರಿನ ಗೌರವರ್ಣದ ಕನ್ಯೆ ಕ್ಯಾಥಿಯ ಪಾತ್ರ ಬಂದುದು ಮುಂಬಯಿಯಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದ, ಮಿಶ್ರರಕ್ತದ ಒಬ್ಬ ಹೆಣ್ಣಿಗೆ. ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕರಿಗೆ ಈ ತಿರುಗುಮುರುಗು ತಿಳಿದಿರಲಿಲ್ಲ. ತಿಳಿದಿದ್ದರೆ ಆ ಚಿತ್ರ ಆ ರೂಪದಲ್ಲಿ ತಯಾರಾಗುತ್ತಲೇ ಇರಲಿಲ್ಲ.

ಮರ್ಲ್ ಒಬೆರಾನ್ ಎಂಬ ಹೆಸರಿನಿಂದ ಪ್ರಸಿದ್ಧಳಾದ ಎಸ್ಟೆಲ್ ಮರ್ಲ್ ಓಬ್ರಿಯನ್ ಥಾಮ್ಸನ್ 1911ರ ಫೆಬ್ರುವರಿ 19ರಂದು ಮುಂಬಯಿಯಲ್ಲಿ ಜನಿಸಿದಳು. ಷಾರ್ಲಟ್ ಸೆಲ್ಬಿ ಎಂಬ ಸಿಂಹಳ ಮೂಲದ ಯುರೇಷಿಯನ್ ಮಹಿಳೆ ಅವಳನ್ನು ಮಗಳೆಂದು ಸಾಕಿದಳು. ಮುಂಬಯಿಯ ಜನನಪತ್ರ ಬೇರೊಂದು ಕಥೆಯನ್ನು ಹೇಳುತ್ತದೆ: ಹೆತ್ತವಳು ಷಾರ್ಲಟಳ ಮಗಳು, ಇನ್ನೂ ಬಾಲಕಿಯಾಗಿದ್ದ ಕಾನ್‌ಸ್ಟನ್ಸ್. ತಂದೆ ರೈಲ್ವೆಯಲ್ಲಿ ಕೆಲಸಮಾಡುತ್ತಿದ್ದ ಇಂಗ್ಲಿಷ್ ಇಂಜಿನಿಯರ್. ಹೀಗೆ ಆ ಮಗು ಅಜ್ಜಿಯನ್ನು ತಾಯಿಯೆಂದೂ ತಾಯಿಯನ್ನು ಅಕ್ಕನೆಂದೂ ಕರೆಯುತ್ತ ಬೆಳೆಯಿತು. ಕನ್ನಡ ಓದುಗನಿಗೆ ಇಲ್ಲಿ ಪಂಪನ ಕರ್ಣ ನೆನಪಾಗುವುದು ಸಹಜ. ಆದರೆ ಹೋಲಿಕೆ ಒಂದು ಹೆಜ್ಜೆಯವರೆಗೆ ಮಾತ್ರ. ಕರ್ಣನ ಜನ್ಮವನ್ನು ಮರೆಮಾಡಿದವರು ಇತರರು. ಒಬೆರಾನಳ ಬದುಕಿನಲ್ಲಿ ಇತರರು ಕಟ್ಟಿದ ತೆರೆಯೊಂದು, ಅವಳೇ ಕಟ್ಟಿಕೊಂಡ ತೆರೆ ಮತ್ತೊಂದು.

ಕುಟುಂಬ 1917ರಲ್ಲಿ ಕಲ್ಕತ್ತೆಗೆ ಹೋಯಿತು. ಅಲ್ಲಿ ಅವಳು ಕ್ವೀನೀ ಥಾಮ್ಸನ್ ಎಂಬ ಹೆಸರಿನಲ್ಲಿ ಟೆಲಿಫೋನ್ ಆಪರೇಟರ್ ಆಗಿ ದುಡಿದಳು. ಹವ್ಯಾಸಿ ನಾಟಕ ಸಂಘವೊಂದರಲ್ಲಿ ಪಾತ್ರವಹಿಸಿದಳು. ಇಲ್ಲಿ ಒಂದು ಸಮಾನಾಂತರವನ್ನು ಗಮನಿಸದೆ ಮುಂದೆ ಹೋಗಲಾಗದು. ಅದೇ ಕಾಲದಲ್ಲಿ ಮುಂಬಯಿಯ ಟೆಲಿಫೋನ್ ಆಪರೇಟರ್ ಒಬ್ಬಳು, ಬಾಗ್ದಾದಿ ಯಹೂದಿ ಮನೆತನದ ರೂಬಿ ಮೈಯರ್ಸ್, ಸುಲೋಚನಾ ಎಂಬ ಹೆಸರು ತಳೆದು ಮೂಕಚಿತ್ರಗಳ ರಾಣಿಯಾದಳು. ರೆನೀ ಸ್ಮಿತ್ ಎಂಬ ಆಂಗ್ಲೋ ಇಂಡಿಯನ್ ಹುಡುಗಿ ಸೀತಾದೇವಿಯಾಗಿ 1925ರ ‘ಲೈಟ್ ಆಫ್ ಏಷ್ಯಾ’ ಚಿತ್ರದಲ್ಲಿ ಬುದ್ಧನ ಮಡದಿಯ ಪಾತ್ರ ಧರಿಸಿದಳು. ಪೇಷನ್ಸ್ ಕೂಪರ್ ಕಲ್ಕತ್ತೆಯ ಮದನ್ ಕಂಪನಿಯ ಪೌರಾಣಿಕ ನಾಯಿಕೆ. ಕುಲೀನ ಹಿಂದೂ ಮನೆಗಳ ಹೆಣ್ಣುಮಕ್ಕಳು ಕ್ಯಾಮೆರಾದ ಎದುರು ನಿಲ್ಲಲೊಲ್ಲದ ಕಾಲದಲ್ಲಿ ಈ ಹೆಣ್ಣುಗಳಲ್ಲಿ ಕೆಲವರು ಹಿಂದೂ ಹೆಸರಿನ ಬಾಗಿಲಿನಿಂದ ಒಳಗೆ ಬಂದರು. ಕ್ವೀನೀ ಥಾಮ್ಸನ್ ಇಂಗ್ಲಿಷ್ ಹೆಸರಿನ ಬಾಗಿಲಿನಿಂದ ಹೊರಗೆ ಹೋದಳು. ವ್ಯತ್ಯಾಸ ಒಂದೇ: ಸುಲೋಚನೆಯ ನಿಜವಾದ ಹೆಸರು ಬಯಲಾದರೆ ಅವಳ ಅನ್ನಕ್ಕೆ ಕುಂದುಂಟಾಗುತ್ತಿರಲಿಲ್ಲ.

ಇಪ್ಪತ್ತರ ದಶಕದ ಕೊನೆಗೆ ಷಾರ್ಲಟಳೊಡನೆ ಯೂರೋಪಿಗೆ ಹೋದ ಈ ತರುಣಿ ಲಂಡನ್ನಿನಲ್ಲಿ ಕೆಲವು ವರ್ಷ ಗುಂಪಿನ ಪಾತ್ರಗಳಲ್ಲಿ ಕಳೆದಳು. ಹಂಗೇರಿಯಿಂದ ಬಂದು ಬ್ರಿಟಿಷ್ ಚಿತ್ರೋದ್ಯಮವನ್ನು ಕಟ್ಟುತ್ತಿದ್ದ ಅಲೆಕ್ಸಾಂಡರ್ ಕೋರ್ಡಾ ಅವಳನ್ನು ಗುರುತಿಸಿದನು. ಓಬ್ರಿಯನ್ ಎಂಬುದು ಒಬೆರಾನ್ ಆಯಿತು. ಮುಂಬಯಿ ಟಾಸ್ಮೇನಿಯ ಆಯಿತು. ರೈಲ್ವೆ ಇಂಜಿನಿಯರ್ ಸೈನ್ಯಾಧಿಕಾರಿಯಾದನು. ಯಾರೂ ಹೋಗಿ ವಿಚಾರಿಸಲಾರದಷ್ಟು ದೂರದ, ಆದರೆ ಬ್ರಿಟಿಷರದೇ ಆದ ದ್ವೀಪ ಟಾಸ್ಮೇನಿಯ. ಷಾರ್ಲಟ್ 1937ರಲ್ಲಿ ಸಾಯುವವರೆಗೂ ಬಂದ ಅತಿಥಿಗಳಿಗೆ ಸೇವಕಿಯೆಂದೇ ಪರಿಚಿತಳಾಗಿದ್ದಳೆಂದು ಜೀವನಚರಿತ್ರಕಾರರು ಬರೆದಿದ್ದಾರೆ.

ಈ ಸುಳ್ಳನ್ನು ಕೇವಲ ಮಹತ್ವಾಕಾಂಕ್ಷೆಯೆಂದು ತೀರ್ಮಾನಿಸುವವರು ಅಂದಿನ ಕಾನೂನನ್ನು ನೋಡಬೇಕು. 1917ರ ಅಮೆರಿಕದ ವಲಸೆ ಶಾಸನ ಹಿಂದೂಸ್ತಾನವೂ ಸೇರಿದಂತೆ ಏಷ್ಯದ ಬಹುಭಾಗದ ಜನರಿಗೆ ಬಾಗಿಲು ಮುಚ್ಚಿತ್ತು. 1923ರಲ್ಲಿ ಭಗತ್ ಸಿಂಗ್ ತಿಂದ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಭಾರತೀಯರು ಬಿಳಿಯರಲ್ಲವಾದುದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ವಿಧಿಸಿತು. ಬಾಗಿಲು ಕಿಂಚಿತ್ತು ತೆರೆದುದು 1946ರಲ್ಲಿ, ಅದೂ ವರ್ಷಕ್ಕೆ 100 ಜನರಿಗೆ. ಇದಲ್ಲದೆ 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ಚಿತ್ರನಿರ್ಮಾಣ ಸಂಹಿತೆ ವರ್ಣಸಂಕರ ಪ್ರಣಯವನ್ನು ನಿಷೇಧಿಸಿತ್ತು. ಚೀನೀ ಮೂಲದ ಆನ್ನಾ ಮೇ ವಾಂಗ್ ಪ್ರತಿಭಾವಂತ ನಟಿಯಾಗಿದ್ದರೂ 1937ರ ‘ಗುಡ್ ಅರ್ಥ್’ ಚಿತ್ರದ ಚೀನೀ ನಾಯಿಕೆಯ ಪಾತ್ರ ಆಕೆಗೆ ಸಿಗದೆ ಜರ್ಮನಿಯಿಂದ ಬಂದ ಲೂಯಿಸ್ ರೈನರಳಿಗೆ ಹೋಯಿತು. ವಾಂಗಳಿಗೆ ಮುಖವನ್ನು ಮರೆಮಾಡುವ ಅವಕಾಶವಿರಲಿಲ್ಲ. ಒಬೆರಾನಳಿಗಿತ್ತು, ಅವಳು ಅದನ್ನು ಬಳಸಿಕೊಂಡಳು.

ನಟಿಯಾಗಿ ಅವಳ ಯೋಗ್ಯತೆಯೇನು ಎಂಬ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಬರುತ್ತದೆ. ಬದುಕಿದ್ದಾಗ ಅವಳು ಸುಂದರಿ, ಆದರೆ ಮರದ ಗೊಂಬೆ ಎಂಬ ಅಭಿಪ್ರಾಯ ಬಲವಾಗಿತ್ತು. ರಹಸ್ಯ ಬಯಲಾದ ಮೇಲೆ ಅವಳ ಪ್ರತಿಯೊಂದು ನೋಟದಲ್ಲಿಯೂ ರಹಸ್ಯವನ್ನೇ ಕಾಣುವ ರೂಢಿ ಬಂದಿದೆ. ಎರಡೂ ಸೋಮಾರಿತನದ ವಿಮರ್ಶೆಗಳು. ಚಿತ್ರಗಳನ್ನೇ ನೋಡಬೇಕು.

1933ರ ‘ಎಂಟನೆಯ ಹೆನ್ರಿಯ ಖಾಸಗಿ ಜೀವನ’ದಲ್ಲಿ ಅವಳು ಆನ್ ಬೊಲಿನ್. ಚಿತ್ರ ಆರಂಭವಾಗುವಾಗಲೇ ರಾಣಿಯ ಶಿರಚ್ಛೇದದ ದಿನ ಬಂದಿರುತ್ತದೆ. ಪಾತ್ರ ಕೆಲವೇ ನಿಮಿಷಗಳದು. ಕನ್ನಡಿಯ ಮುಂದೆ ಕೂದಲನ್ನು ಸರಿಪಡಿಸಿಕೊಳ್ಳುವ ಆ ರಾಣಿಯಲ್ಲಿ ಅಳುವಿಲ್ಲ, ಆರ್ಭಟವಿಲ್ಲ; ತಾನು ಹೇಗೆ ಕಾಣುವೆನೆಂಬ ಒಂದು ಶಿಷ್ಟ ಕಾಳಜಿ ಮಾತ್ರ. ಚಾರ್ಲ್ಸ್ ಲಾಟನ್ ಉಳಿದ ಚಿತ್ರವನ್ನೆಲ್ಲ ತನ್ನ ದೇಹದಿಂದ ತುಂಬಿ ಆಸ್ಕರ್ ಗಳಿಸಿದನಾದರೂ ಈ ಪೀಠಿಕೆಯನ್ನು ಮರೆಸಲಾರದೆ ಹೋದನು. ಮುಂದಿನ ವರ್ಷ ಒಂದೇ ಸಮನೆ ಅವಳು ಜಪಾನಿ ಕುಲವಧು, ಸ್ಪೇನಿನ ನರ್ತಕಿ, ‘ಸ್ಕಾರ್ಲೆಟ್ ಪಿಂಪರ್ನೆಲ್’ನ ಫ್ರೆಂಚ್ ಹೆಂಡತಿ ಎಲ್ಲವೂ ಆದಳು. ಎಲ್ಲಿಯದಾದರೂ ಆಗಬಹುದಾದ ಮುಖವೆಂದು ನಿರ್ಮಾಪಕರು ಅದನ್ನು ಬಳಸಿದರು. ಎಲ್ಲಿಯದು ಎಂದು ಕೇಳಲಿಲ್ಲ.

ಸ್ಯಾಮ್ಯುಯಲ್ ಗೋಲ್ಡ್‌ವಿನ್ 1935ರಲ್ಲಿ ಆ ಮುಖದ ವಿದೇಶೀ ಬಣ್ಣವನ್ನು ತೊಳೆದು, ‘ಡಾರ್ಕ್ ಏಂಜೆಲ್’ ಚಿತ್ರದಲ್ಲಿ ಅವಳನ್ನು ಸರಳ ಇಂಗ್ಲಿಷ್ ಹುಡುಗಿಯಾಗಿಸಿದನು. ಯುದ್ಧದಲ್ಲಿ ಕುರುಡನಾದ ಪ್ರಿಯಕರ ತನ್ನ ಕುರುಡನ್ನು ಅವಳಿಂದ ಬಚ್ಚಿಡುತ್ತಾನೆ. ಕೋಣೆಯ ಸಾಮಾನುಗಳ ಸ್ಥಾನವನ್ನು ನೆನಪಿಟ್ಟುಕೊಂಡು ಕಣ್ಣಿರುವವನಂತೆ ನಟಿಸುತ್ತಾನೆ. ಬಚ್ಚಿಡುವುದು ಫ್ರೆಡ್ರಿಕ್ ಮಾರ್ಚನ ಕೆಲಸ, ಕಂಡುಹಿಡಿಯುವುದು ಒಬೆರಾನಳದು. ಕಥೆ ಅತಿಭಾವುಕವಾದುದೇ ಸರಿ. ಆದರೆ ಅರಿವು ಬರುವ ಆ ಕ್ಷಣಕ್ಕೆ ಮೊದಲು ಅವಳ ಮುಖದಲ್ಲಿ ಹರಿಯುವ ತಡವರಿಕೆ, ಸಭ್ಯತೆಯ ಮಾತನ್ನು ಆಡುತ್ತಲೇ ಏನೋ ತಪ್ಪಿದೆಯೆಂದು ಅಳೆಯುವ ನೋಟ, ಮೆಲೊಡ್ರಾಮವನ್ನು ಮೀರಿದ ಅಭಿನಯ. ಈ ಪಾತ್ರಕ್ಕೆ ಅತ್ಯುತ್ತಮ ನಟಿ ಪ್ರಶಸ್ತಿಯ ನಾಮನಿರ್ದೇಶನ ಬಂದಿತು. ಪ್ರಶಸ್ತಿ ಬೆಟ್ ಡೇವಿಸಳಿಗೆ ಹೋಯಿತು. 2023ರಲ್ಲಿ ಮಿಷೆಲ್ ಯೋ ಅದೇ ಪ್ರಶಸ್ತಿಗೆ ನಿರ್ದೇಶಿತಳಾದಾಗ, ಏಷ್ಯದ ಮೊದಲ ನಟಿಯೆಂದು ಯಾರನ್ನು ಎಣಿಸಬೇಕು ಎಂಬ ಚರ್ಚೆ ಪತ್ರಿಕೆಗಳಲ್ಲಿ ಎದ್ದಿತು. ತನ್ನನ್ನು ಏಷ್ಯದವಳೆಂದು ಎಂದೂ ಹೇಳಿಕೊಳ್ಳದವಳನ್ನು ಸಾವಿನ ನಂತರ ಆ ಪಟ್ಟಿಗೆ ಸೇರಿಸುವುದು ನ್ಯಾಯವೋ ಅಲ್ಲವೋ, ಪಟ್ಟಿಗಳನ್ನು ಮಾಡುವವರೇ ನಿರ್ಣಯಿಸಲಿ.

1936ರ ‘ದೀಸ್ ಥ್ರೀ’ ಇನ್ನೂ ವಿಚಿತ್ರವಾದುದು. ಲಿಲಿಯನ್ ಹೆಲ್ಮನ್ನಳ ನಾಟಕದಲ್ಲಿ ಒಂದು ಮಗು ಇಬ್ಬರು ಶಿಕ್ಷಕಿಯರ ನಡುವೆ ಅಸಹಜ ಪ್ರೇಮವಿದೆಯೆಂದು ಪುಕಾರು ಹಬ್ಬಿಸುತ್ತದೆ. ಸಂಹಿತೆಯ ಭಯದಿಂದ ಚಿತ್ರದಲ್ಲಿ ಅದು ಒಬ್ಬ ಪುರುಷನಿಗಾಗಿ ಎದ್ದ ಪುಕಾರಾಗಿ ಬದಲಾಯಿತು. ಬದಲಾವಣೆಯನ್ನು ಮಾಡಿದವಳು ಹೆಲ್ಮನ್ನಳೇ. ಒಂದು ಮಾತು ಹಬ್ಬಿದರೆ ಇಡೀ ಬದುಕು ಮುಗಿದುಹೋಗುತ್ತದೆ ಎಂಬ ಈ ಕಥೆಯಲ್ಲಿ ಒಬೆರಾನಳ ಕ್ಯಾರೆನ್ ತೀರ ಕಡಮೆ ಮಾತಿನವಳು. ಮಿರಿಯಂ ಹಾಪ್ಕಿನ್ಸ್ ಭಾವವನ್ನು ಹೊರಚೆಲ್ಲುತ್ತಾಳೆ, ಒಬೆರಾನ್ ತಡೆಯುತ್ತಾಳೆ. ವೈಲರನ ನಿರ್ದೇಶನಕ್ಕೆ ಬೇಕಾಗಿದ್ದುದು ಈ ತಡೆಯೇ.

ಅದೇ ವೈಲರನ ‘ವದರಿಂಗ್ ಹೈಟ್ಸ್’ಗೆ ಬಂದಾಗ ತಡೆಯ ನಟಿಗೆ ಬಿರುಗಾಳಿಯ ಪಾತ್ರ ದೊರೆಯಿತು. ಕಾದಂಬರಿಯ ಪೂರ್ವಾರ್ಧವನ್ನಷ್ಟೇ ತೆಗೆದುಕೊಂಡ ಆ ಚಿತ್ರದಲ್ಲಿ ಅವಳು ಅರ್ಧ ಗೆದ್ದು ಅರ್ಧ ಸೋತಿದ್ದಾಳೆಂದೇ ಹೇಳಬೇಕು. ಕ್ಯಾಲಿಫೋರ್ನಿಯದ ಗುಡ್ಡದ ಮೇಲೆ ಕಟ್ಟಿದ ಬಯಲಿನಲ್ಲಿ ಒಲಿವಿಯೆಯ ಜತೆಗೆ ಓಡುವಾಗ ಅವಳಲ್ಲಿ ಕಾಡುತನವಿಲ್ಲ. ಉಡುಪು ಹರಿದರೂ ನಡೆ ದಿವಾನಖಾನೆಯದೇ. ತಾನೂ ಹೀತ್‌ಕ್ಲಿಫನೂ ಒಂದೇ ಎಂದು ಅಡುಗೆಮನೆಯಲ್ಲಿ ನೆಲ್ಲಿಯ ಮುಂದೆ ಸಾರುವ ಪ್ರಸಿದ್ಧ ಸನ್ನಿವೇಶದಲ್ಲಿ ಮಿಂಚು ಹೊಳೆಯುವುದು ಅನವಶ್ಯಕ, ಏಕೆಂದರೆ ದನಿ ಆ ಎತ್ತರವನ್ನು ಮುಟ್ಟಿಲ್ಲ. ಮಿಂಚು ಆ ಕೊರತೆಯನ್ನು ತುಂಬಲು ಬಂದಂತೆ ತೋರುತ್ತದೆ. ಆದರೆ ಲಿಂಟನ್ ಮನೆಯಲ್ಲಿ ಕಲಿತ ನಾಗರಿಕತೆಯನ್ನು ಧರಿಸಿ ಹಿಂದಿರುಗಿದ ಕ್ಯಾಥಿ ಕನ್ನಡಿಯಲ್ಲಿ ತನ್ನನ್ನು ಕಂಡು ಸೊಗಸಿನ ಉಡುಪನ್ನು ಹರಿದೆಸೆಯುವ ದೃಶ್ಯ, ಅನಂತರ ಶ್ರೀಮಂತನಾಗಿ ಹೀತ್‌ಕ್ಲಿಫ್ ಅವಳ ಗಂಡನ ಮನೆಗೆ ಬಂದಾಗ ಗೃಹಿಣಿಯ ಮರ್ಯಾದೆಯಿಂದ ಅವನನ್ನು ಎದುರಿಸುವ ದೃಶ್ಯ, ಇವುಗಳಲ್ಲಿ ಅವಳನ್ನು ಮೀರಿಸುವುದು ಕಷ್ಟ. ಮೇಲ್ದರ್ಜೆಯ ಮನೆಯೊಂದರಲ್ಲಿ ಸ್ಥಾನ ಪಡೆದವಳು ಆ ಸ್ಥಾನಕ್ಕೆ ತೆತ್ತ ಬೆಲೆಯನ್ನು ಲೆಕ್ಕ ಹಾಕುವಾಗ ಮುಖ ಹೇಗೆ ಗಟ್ಟಿಯಾಗುತ್ತದೆಂಬುದು ಅಲ್ಲಿ ಕಾಣುತ್ತದೆ. ಗ್ರೆಗ್ ಟೋಲಂಡನ ಛಾಯಾಗ್ರಹಣಕ್ಕೆ ಆಸ್ಕರ್ ಬಂದಿತು, ಒಲಿವಿಯೆಗೆ ನಾಮನಿರ್ದೇಶನ ಬಂದಿತು. ಕ್ಯಾಥಿಗೆ ಏನೂ ಬರಲಿಲ್ಲ.

ಈ ಪಾತ್ರವನ್ನು ಬಯಸಿದ್ದ ಇನ್ನೊಬ್ಬಳು ವಿವಿಯನ್ ಲೀ. ಆಕೆ 1913ರಲ್ಲಿ ಹುಟ್ಟಿದುದು ದಾರ್ಜಿಲಿಂಗಿನಲ್ಲಿ. ಒಂದೇ ಕ್ಯಾಥಿಗಾಗಿ ಹಿಂದೂಸ್ತಾನದಲ್ಲಿ ಹುಟ್ಟಿದ ಇಬ್ಬರು! ಲೀ ತನ್ನ ಜನ್ಮಸ್ಥಳವನ್ನು ಅಲಂಕಾರದಂತೆ ಹೇಳಿಕೊಳ್ಳಬಲ್ಲವಳಾಗಿದ್ದಳು. ಸಾಮ್ರಾಜ್ಯದಲ್ಲಿ ಎಲ್ಲಿ ಹುಟ್ಟಿದರೆಂಬುದು ಮುಖ್ಯವಾಗಿರಲಿಲ್ಲ, ಯಾರಿಗೆ ಹುಟ್ಟಿದರೆಂಬುದು ಮುಖ್ಯವಾಗಿತ್ತು.

ಅದೇ 1939ರಲ್ಲಿ ಒಬೆರಾನ್ ಕೋರ್ಡಾನನ್ನು ಮದುವೆಯಾದಳು. ಅವನಿಗೆ 1942ರಲ್ಲಿ ನೈಟ್ ಪದವಿ ಬಂದಾಗ ಕಲ್ಕತ್ತೆಯ ಟೆಲಿಫೋನ್ ಹುಡುಗಿ ಲೇಡಿ ಕೋರ್ಡಾ ಆದಳು. ನಲವತ್ತರ ದಶಕದ ಚಿತ್ರಗಳಲ್ಲಿ ಬಹುಪಾಲು ಮರೆಯಬಹುದಾದವು. ಲೂಬಿಷ್‌ನ ಹಾಸ್ಯಚಿತ್ರದಲ್ಲಿಯೂ ಅವಳಿಗೆ ಹಾಸ್ಯದ ಲಘುತ್ವ ಒಗ್ಗಲಿಲ್ಲ. ಮರೆಯಬಾರದುದೊಂದಿದೆ: ಅಂದಿನ ಹಾಲಿವುಡ್ಡಿನ ಏಕೈಕ ಮಹಿಳಾ ನಿರ್ದೇಶಕಿ ಡೊರೊಥಿ ಆರ್ಜ್ನರಳ ಕೊನೆಯ ಚಿತ್ರ, 1943ರ ‘ಫಸ್ಟ್ ಕಮ್ಸ್ ಕರೇಜ್’. ಇಲ್ಲಿ ಒಬೆರಾನ್ ನಾತ್ಸಿ ಅಧಿಕಾರಿಯ ಸಖ್ಯದಲ್ಲಿದ್ದುಕೊಂಡು ಮಿತ್ರಪಕ್ಷಕ್ಕೆ ಸುದ್ದಿ ರವಾನಿಸುವ ನಾರ್ವೆಯ ಹೆಣ್ಣು. ತನ್ನ ಊರಿನವರೇ ದ್ರೋಹಿಯೆಂದು ಮುಖ ತಿರುಗಿಸಿದಾಗ ಅವಳು ಏನನ್ನೂ ಹೇಳುವಂತಿಲ್ಲ. ಆ ಮೌನವನ್ನು ನಟಿಯ ಸ್ವಂತ ಜೀವನದ ಪ್ರತಿಬಿಂಬವೆಂದು ಓದುವುದು ಸುಲಭ, ಅಪಾಯಕರವೂ ಹೌದು. ಪಾತ್ರವನ್ನು ಬರೆದವರು ಬೇರೆಯವರು. ಆದರೂ ಇಷ್ಟನ್ನು ಹೇಳಬಹುದು: ನೋಡುತ್ತಿರುವವರ ನಡುವೆ ಸ್ಥಿರವಾಗಿ ನಿಲ್ಲುವ ಒಂದು ಅಭಿನಯಕ್ರಮವನ್ನು ಅವಳು ಸಿದ್ಧಿಸಿಕೊಂಡಿದ್ದಳು, ಅದಕ್ಕೆ ಹೊಂದುವ ಪಾತ್ರ ಸಿಕ್ಕಾಗ ದೊಡ್ಡ ನಟಿಯಾಗುತ್ತಿದ್ದಳು, ಸಿಗದಾಗ ಬರಿಯ ಬೊಂಬೆಯಾಗುತ್ತಿದ್ದಳು.

1937ರಲ್ಲಿ ‘ಐ, ಕ್ಲಾಡಿಯಸ್’ ಚಿತ್ರೀಕರಣದ ನಡುವೆ ಲಂಡನ್ನಿನಲ್ಲಿ ನಡೆದ ಮೋಟಾರು ಅಪಘಾತ ಅವಳ ಮುಖದ ಮೇಲೆ ಗಾಯಗಳನ್ನುಳಿಸಿತ್ತು; ಸ್ಟರ್ನ್‌ಬರ್ಗ್ ನಿರ್ದೇಶಿಸುತ್ತಿದ್ದ ಆ ಚಿತ್ರ ಅಲ್ಲಿಗೇ ನಿಂತಿತು. 1944ರ ‘ಲಾಡ್ಜರ್’ನಲ್ಲಿ ಛಾಯಾಗ್ರಾಹಕ ಲೂಸಿಯನ್ ಬಲಾರ್ಡ್ ಕ್ಯಾಮೆರಾಕ್ಕೇ ಅಂಟಿದಂತೆ ಒಂದು ದೀಪವನ್ನು ಜೋಡಿಸಿದನು. ನೇರವಾಗಿ ಬೀಳುವ ಆ ಬೆಳಕಿನಲ್ಲಿ ಕಲೆಗಳು ಕಾಣದಾದುವು. ಮುಖ ಬೆಳ್ಳಗೆ, ಸಮತಟ್ಟಾಗಿ ತೇಲಿತು. ಮರುವರ್ಷ ಕೋರ್ಡಾನಿಂದ ವಿಚ್ಛೇದನ ಪಡೆದು ಅವಳು ಬಲಾರ್ಡನನ್ನು ಮದುವೆಯಾದಳು. ಅವಳ ಹೆಸರಿನಿಂದಲೇ ‘ಓಬಿ’ ಎಂದು ಕರೆಯಲ್ಪಟ್ಟ ಆ ದೀಪ ಚಿತ್ರೋದ್ಯಮದಲ್ಲಿ ಉಳಿದುಬಂದಿದೆ. ಮಾತಿನಲ್ಲಿ ಹೇಳಿದ್ದ ಸುಳ್ಳನ್ನು ಬೆಳಕಿನಲ್ಲಿ ಹೇಳಿದಂತಾಯಿತು ಎಂದರೆ ಕಟುವಾದೀತು. ಆದರೆ ಆ ದೀಪದ ಕೆಳಗೆ, ‘ಡಾರ್ಕ್ ಏಂಜೆಲ್’ನಲ್ಲಿ ಕಂಡಿದ್ದ ಸೂಕ್ಷ್ಮ ಚಲನೆಗಳು ಕಲೆಗಳ ಜತೆಗೇ ಅಳಿಸಿಹೋದುವೆಂಬುದು ನಿಜ. ನೆರಳಿಲ್ಲದ ಮುಖದಲ್ಲಿ ಭಾವಕ್ಕೂ ತಾಣವಿಲ್ಲ. 1945ರ ‘ಎ ಸಾಂಗ್ ಟು ರಿಮೆಂಬರ್’ನ ಜಾರ್ಜ್ ಸ್ಯಾಂಡ್ ಪಾತ್ರ ಷರಾಯಿಯ ಉಡುಪಿನಿಂದ ನೆನಪಿನಲ್ಲಿ ಉಳಿಯಿತೇ ಹೊರತು ಅಭಿನಯದಿಂದಲ್ಲ. 1973ರ ‘ಇಂಟರ್ವಲ್’ ಅವಳೇ ನಿರ್ಮಿಸಿದ ಕೊನೆಯ ಚಿತ್ರ. ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು.

1978ರಲ್ಲಿ ಟಾಸ್ಮೇನಿಯದ ಹೋಬಾರ್ಟ್ ನಗರ ತನ್ನ ಕೀರ್ತಿವಂತ ಮಗಳೆಂದು ಅವಳನ್ನು ಸತ್ಕರಿಸಿತು. ಮರುವರ್ಷ ನವೆಂಬರ್ 23ರಂದು ಅವಳು ಕ್ಯಾಲಿಫೋರ್ನಿಯದ ಮಾಲಿಬುವಿನಲ್ಲಿ ತೀರಿಕೊಂಡಳು. ಚಾರ್ಲ್ಸ್ ಹೈಯಾಮ್ ಮತ್ತು ರಾಯ್ ಮೋಸ್ಲಿ 1983ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಮುಂಬಯಿಯ ಜನ್ಮವನ್ನು ಹೊರಗೆಡಹಿತು. ಆದರೆ ಟಾಸ್ಮೇನಿಯದಲ್ಲಿ ಅವಳು ತಮ್ಮವಳೇ ಎಂದು ನಂಬುವವರು ಆಮೇಲೂ ಇದ್ದರೆಂಬುದನ್ನು 2002ರ ಒಂದು ಆಸ್ಟ್ರೇಲಿಯನ್ ಸಾಕ್ಷ್ಯಚಿತ್ರ ತೋರಿಸಿತು.

ಷಾರ್ಲಟ್ ಸತ್ತು ಹನ್ನೆರಡು ವರ್ಷಗಳಾದ ಮೇಲೆ, 1949ರಲ್ಲಿ, ಒಬೆರಾನ್ ಒಂದು ಹಳೆಯ ಭಾವಚಿತ್ರವನ್ನು ಚಿತ್ರಕಾರನಿಗೆ ಕೊಟ್ಟು ತಾಯಿಯ ತೈಲಚಿತ್ರ ಬರೆಸಿದಳು. ಮೈಬಣ್ಣವನ್ನು ತಿಳಿಯಾಗಿಸಬೇಕೆಂದು ಸೂಚನೆಯಿತ್ತು. ಅಲ್ಲಿಂದ ಮುಂದೆ ಅವಳು ಯಾವ ಮನೆಯಲ್ಲಿದ್ದರೂ ಗೋಡೆಯ ಮೇಲೆ ಆ ಚಿತ್ರವಿರುತ್ತಿತ್ತು.